ತತ್ಕ್ಷಣ ಕೇಂದ್ರ ಹಿಡಿದು ವೇಗ ಕಂಡುಹಿಡಿಯುವುದು: ಉರುಳುವ ಗಾಲಿಯಿಂದ ನಾಲ್ಕು ಕೊಂಡಿಯ ಯಂತ್ರದವರೆಗೆ

ಗೋಡೆಗೆ ಒರಗಿಸಿದ ಏಣಿ ಜಾರುತ್ತಿದೆ. ಬುಡ ನೆಲದ ಮೇಲೆ ಹೊರಕ್ಕೆ, ತುದಿ ಗೋಡೆಗುಂಟ ಕೆಳಕ್ಕೆ. ನಡುವಿನ ಮೆಟ್ಟಿಲು ಎತ್ತ ಹೋಗುತ್ತಿದೆ, ಎಷ್ಟು ವೇಗದಲ್ಲಿ? ಸಾಪೇಕ್ಷ ವೇಗದ ಸಮೀಕರಣ ಬರೆದು, ಎರಡು ದಿಕ್ಕಿನ ಘಟಕಗಳನ್ನು ಬೇರ್ಪಡಿಸಿ, ಎರಡು ಅಜ್ಞಾತಗಳನ್ನು ಬಿಡಿಸಿ ಉತ್ತರಕ್ಕೆ ಬರಬಹುದು. ಎರಡು ಗೆರೆ ಎಳೆದು ಒಂದು ಭಾಗಾಕಾರ, ಒಂದು ಗುಣಾಕಾರ ಮಾಡಿದರೂ ಅದೇ ಉತ್ತರ ಸಿಗುತ್ತದೆ. ಆ ಎರಡು ಗೆರೆಗಳು ಸೇರುವ ಬಿಂದುವೇ ತತ್ಕ್ಷಣ ಕೇಂದ್ರ. ತರಗತಿಯಲ್ಲಿ ಇನ್‌ಸ್ಟಂಟ್ ಸೆಂಟರ್ ಎಂದೋ, ಬರೀ ಐ-ಸೆಂಟರ್ ಎಂದೋ ಕರೆಯುವುದು ಇದನ್ನೇ.

ಈ ವಿಧಾನದಲ್ಲಿ ಭೌತಶಾಸ್ತ್ರ ಇರುವುದು ಒಂದೇ ಸಾಲಿನಷ್ಟು. ಉಳಿದದ್ದೆಲ್ಲ ಜ್ಯಾಮಿತಿ. ತಪ್ಪುಗಳಾಗುವುದೂ ಹೆಚ್ಚಾಗಿ ಜ್ಯಾಮಿತಿಯಲ್ಲೇ. ಹಾಗಾಗಿ ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಚಿತ್ರ ಬರೆಯಿರಿ. ಕೆಳಗಿನ ಪ್ರತಿ ಲೆಕ್ಕವನ್ನೂ ಪೆನ್ಸಿಲ್, ಸ್ಕೇಲ್ ಹಿಡಿದು ಓದಿದರೆ ಮಾತ್ರ ಉಪಯೋಗ.

ಆ ಒಂದು ಸಾಲು

ದೃಢಕಾಯ ಅಂದರೆ ಯಾವ ಎರಡು ಬಿಂದುಗಳ ನಡುವಿನ ದೂರವೂ ಬದಲಾಗದ ವಸ್ತು. ಅದು ಒಂದು ಸಮತಲದಲ್ಲಿ ಎಷ್ಟೇ ಡೊಂಕಾಗಿ ಸಾಗುತ್ತಿರಲಿ, ಯಾವುದೇ ಒಂದು ಕ್ಷಣವನ್ನು ಹಿಡಿದು ನಿಲ್ಲಿಸಿ ನೋಡಿದರೆ, ಅದರ ಎಲ್ಲ ಬಿಂದುಗಳ ವೇಗವೂ ಅದು ಒಂದು ಸ್ಥಿರ ಬಿಂದುವಿನ ಸುತ್ತ ತಿರುಗುತ್ತಿದ್ದರೆ ಹೇಗಿರುತ್ತಿತ್ತೋ ಹಾಗೇ ಇರುತ್ತದೆ. ಯೋಹಾನ್ ಬರ್ನೂಲಿ 1742ರಲ್ಲೇ ಈ ಬಿಂದುವಿನ ಬಗ್ಗೆ ಬರೆದಿದ್ದ. ಆ ಬಿಂದುವಿನ ವೇಗ ಆ ಕ್ಷಣಕ್ಕೆ ಸೊನ್ನೆ. ಅದರಿಂದ ಎರಡು ಮಾತು ಹುಟ್ಟುತ್ತವೆ:

ಪ್ರತಿ ಬಿಂದುವಿನ ವೇಗದ ದಿಕ್ಕು, ಕೇಂದ್ರದಿಂದ ಆ ಬಿಂದುವಿಗೆ ಎಳೆದ ಗೆರೆಗೆ ಲಂಬ.

ವೇಗದ ಪರಿಮಾಣ = ಕೋನೀಯ ವೇಗ × ಕೇಂದ್ರದಿಂದ ಆ ಬಿಂದುವಿಗಿರುವ ದೂರ.

ಅಂಥ ಬಿಂದು ಇದ್ದೇ ಇರುತ್ತದೆ ಅನ್ನುವುದಕ್ಕೆ ಆಧಾರವೇನು? ವಸ್ತುವಿನ ಯಾವುದಾದರೂ ಒಂದು ಬಿಂದು ಸೆಕೆಂಡಿಗೆ 6 ಮೀಟರ್ ಬಲಕ್ಕೆ ಹೋಗುತ್ತಿದೆ, ವಸ್ತು 20 ರೇಡಿಯನ್/ಸೆಕೆಂಡ್‌ನಲ್ಲಿ ಪ್ರದಕ್ಷಿಣವಾಗಿ ತಿರುಗುತ್ತಿದೆ ಎನ್ನಿ. ಆ ಬಿಂದುವಿನಿಂದ ನೇರ ಕೆಳಗೆ 6 ÷ 20 = 0.3 ಮೀಟರ್ ಇಳಿಯಿರಿ. ತಿರುಗುವಿಕೆಯಿಂದ ಅಲ್ಲಿಗೆ ಬರುವ ವೇಗ ಎಡಕ್ಕೆ 6 ಮೀಟರ್. ಬಲದ 6 ಮತ್ತು ಎಡದ 6 ಸೇರಿ ಸೊನ್ನೆ. ಕೋನೀಯ ವೇಗ ಸೊನ್ನೆಯಾಗದ ತನಕ ಹೀಗೆ ಇಳಿಯಲು ಒಂದು ಜಾಗ ಇದ್ದೇ ಇರುತ್ತದೆ.

ಆ ಜಾಗ ಲೋಹದ ಒಳಗೇ ಬೀಳಬೇಕೆಂದಿಲ್ಲ. ವಸ್ತುವಿಗೆ ಒಂದು ದೊಡ್ಡ ಪಾರದರ್ಶಕ ಹಾಳೆ ಅಂಟಿಸಿದೆ, ಅದು ವಸ್ತುವಿನ ಜೊತೆಗೇ ಚಲಿಸುತ್ತದೆ ಎಂದು ಕಲ್ಪಿಸಿಕೊಳ್ಳಿ. ಕೇಂದ್ರ ಆ ಹಾಳೆಯ ಮೇಲೆ ಎಲ್ಲಾದರೂ ಇರಬಹುದು, ಕಾಗದದ ಅಂಚು ದಾಟಿಯೂ ಇರಬಹುದು.

ಕೇಂದ್ರವನ್ನು ಹುಡುಕುವುದು

ಏನು ಗೊತ್ತಿದೆ ಅನ್ನುವುದರ ಮೇಲೆ ದಾರಿ ನಿರ್ಧಾರವಾಗುತ್ತದೆ.

ಎರಡು ಬಿಂದುಗಳ ವೇಗದ ದಿಕ್ಕು ಗೊತ್ತಿದ್ದು, ಅವು ಸಮಾಂತರವಲ್ಲದಿದ್ದರೆ: ಪ್ರತಿ ಬಿಂದುವಿನಲ್ಲೂ ವೇಗದ ಗೆರೆಗೆ ಲಂಬ ಎಳೆಯಿರಿ. ಎರಡು ಲಂಬಗಳು ಕೂಡುವಲ್ಲಿ ಕೇಂದ್ರ. ಪರಿಮಾಣ ಬೇಕಿಲ್ಲ, ದಿಕ್ಕು ಸಾಕು. ಹತ್ತರಲ್ಲಿ ಎಂಟು ಲೆಕ್ಕ ಇದೇ ಜಾತಿಯವು.

ಎರಡು ವೇಗಗಳು ಸಮಾಂತರವಾಗಿದ್ದು, ಬಿಂದುಗಳನ್ನು ಸೇರಿಸುವ ಗೆರೆಗೆ ಲಂಬವಾಗಿದ್ದರೆ: ಎರಡು ಲಂಬಗಳೂ ಒಂದೇ ಗೆರೆಯಾಗಿ ಬೀಳುವುದರಿಂದ ದಿಕ್ಕು ಮಾತ್ರ ಸಾಲದು, ಪರಿಮಾಣವೂ ಬೇಕು. ವೇಗದ ಬಾಣಗಳನ್ನು ಅಳತೆಗೆ ತಕ್ಕಂತೆ ಬರೆದು, ಬಾಣದ ತುದಿಗಳನ್ನು ಒಂದು ಗೆರೆಯಿಂದ ಸೇರಿಸಿ. ಅದು ಬಿಂದುಗಳನ್ನು ಸೇರಿಸುವ ಗೆರೆಯನ್ನು ಕತ್ತರಿಸುವಲ್ಲಿ ಕೇಂದ್ರ. ಬಾಣಗಳು ವಿರುದ್ಧ ದಿಕ್ಕಿನವಾದರೆ ಕೇಂದ್ರ ಎರಡರ ನಡುವೆ. ಒಂದೇ ದಿಕ್ಕಿನವಾದರೆ ನಿಧಾನದ ಬಿಂದುವಿನ ಆಚೆಗೆ.

ಸಮಾಂತರ ವೇಗಗಳು ಸೇರಿಸುವ ಗೆರೆಗೆ ಲಂಬವಾಗಿಲ್ಲದಿದ್ದರೆ: ಇಲ್ಲಿ ಎಷ್ಟೋ ಜನ ತಡವರಿಸುತ್ತಾರೆ. ಲಂಬಗಳು ಪರಸ್ಪರ ಸಮಾಂತರ, ಎಲ್ಲೂ ಸೇರುವುದಿಲ್ಲ. ಅಂದರೆ ಆ ಕ್ಷಣಕ್ಕೆ ವಸ್ತು ತಿರುಗುತ್ತಲೇ ಇಲ್ಲ, ಬರೀ ಸ್ಥಾನಾಂತರ ಚಲನೆ. ಕೇಂದ್ರ ಅನಂತದಲ್ಲಿದೆ, ಕೋನೀಯ ವೇಗ ಸೊನ್ನೆ, ಎಲ್ಲ ಬಿಂದುಗಳ ವೇಗ ಒಂದೇ. ಪ್ರಶ್ನೆಯಲ್ಲಿ ಎರಡಕ್ಕೂ ಬೇರೆ ಬೇರೆ ಪರಿಮಾಣ ಕೊಟ್ಟಿದ್ದರೆ ಪ್ರಶ್ನೆಯೇ ತಪ್ಪು, ಅಥವಾ ನೀವು ದಿಕ್ಕು ತಪ್ಪಾಗಿ ಗುರುತಿಸಿದ್ದೀರಿ.

ಒಂದು ಬಿಂದುವಿನ ವೇಗವೂ ವಸ್ತುವಿನ ಕೋನೀಯ ವೇಗವೂ ಗೊತ್ತಿದ್ದರೆ: ದೂರ = ವೇಗ ÷ ಕೋನೀಯ ವೇಗ. ವೇಗಕ್ಕೆ ಲಂಬವಾಗಿ ಅಷ್ಟು ದೂರ ಹೋಗಿ. ಯಾವ ಕಡೆಗೆ? ಆ ಕಡೆಯಿಂದ ನೋಡಿದಾಗ ಬಿಂದುವಿನ ಚಲನೆ ಕೊಟ್ಟ ತಿರುಗುದಿಕ್ಕಿಗೆ ಹೊಂದಬೇಕು.

ನಿಂತ ಮೇಲ್ಮೈ ಮೇಲೆ ಜಾರದೆ ಉರುಳುವ ವಸ್ತುವಿಗೆ ಸಂಪರ್ಕ ಬಿಂದುವೇ ಕೇಂದ್ರ. ಪಿನ್ ಹಾಕಿ ಚೌಕಟ್ಟಿಗೆ ಕೂರಿಸಿದ ಭಾಗಕ್ಕೆ ಪಿನ್ನೇ ಕೇಂದ್ರ.

ಲೆಕ್ಕ ಮಾಡುವ ಕ್ರಮ

1. ಯಾವ ವಸ್ತುವಿನ ಕೇಂದ್ರ ಬೇಕು ಎಂದು ಮೊದಲು ಬರೆದುಕೊಳ್ಳಿ. ಯಂತ್ರದಲ್ಲಿ ಮೂರು ಚಲಿಸುವ ಭಾಗಗಳಿದ್ದರೆ ಮೂರಕ್ಕೂ ಮೂರು ಕೇಂದ್ರ.

2. ಆ ಕ್ಷಣದ ಸ್ಥಾನವನ್ನು ಅಳತೆಗೆ ಸರಿಯಾಗಿ ಬರೆಯಿರಿ. ಕೋನ ಅಂದಾಜಿಗೆ ಹಾಕಿದರೆ ಕೇಂದ್ರ ಎಲ್ಲೋ ಹೋಗಿ ಕೂರುತ್ತದೆ.

3. ಆ ವಸ್ತುವಿನ ಮೇಲೆ, ಚಲಿಸುವ ದಾರಿ ಗೊತ್ತಿರುವ ಎರಡು ಬಿಂದುಗಳನ್ನು ಆರಿಸಿ. ಸಾಮಾನ್ಯವಾಗಿ ಇವು ಪಿನ್‌ಗಳು: ಒಂದು ಕಡೆ ವೃತ್ತದಲ್ಲಿ ಸುತ್ತುವ ಪಿನ್, ಇನ್ನೊಂದು ಕಡೆ ಹಳಿಯಲ್ಲಿ ಸರಿಯುವ ಪಿನ್.

4. ಎರಡಕ್ಕೂ ಲಂಬ ಎಳೆಯಿರಿ. ವೃತ್ತದಲ್ಲಿ ಸುತ್ತುವ ಬಿಂದುವಿಗೆ ಲಂಬ ಅಂದರೆ ತ್ರಿಜ್ಯವೇ, ಅದನ್ನು ಮುಂದಕ್ಕೆ ಎಳೆದರಾಯಿತು.

5. ಕೇಂದ್ರದಿಂದ ದೂರಗಳನ್ನು ತ್ರಿಕೋನಮಿತಿಯಿಂದ ಲೆಕ್ಕ ಹಾಕಿ. ಚಿತ್ರದಲ್ಲಿ ಅಳೆದದ್ದು ತಾಳೆಗೆ ಮಾತ್ರ.

6. ವೇಗ ಗೊತ್ತಿರುವ ಬಿಂದುವಿನಿಂದ ಕೋನೀಯ ವೇಗ, ಅದರಿಂದ ಬೇಕಾದ ಬಿಂದುವಿನ ವೇಗ.

7. ದಿಕ್ಕು ಗುರುತಿಸಿ, ಆಮೇಲೆ ಘಟಕ ತಾಳೆ ಮಾಡಿ. ದೃಢಕಾಯದ ಎರಡು ಬಿಂದುಗಳನ್ನು ಸೇರಿಸುವ ಗೆರೆಗುಂಟ ಎರಡರ ವೇಗಘಟಕವೂ ಸಮ ಇರಲೇಬೇಕು. ಇಲ್ಲವಾದರೆ ವಸ್ತು ಹಿಗ್ಗಬೇಕು ಅಥವಾ ಕುಗ್ಗಬೇಕು. ಈ ತಾಳೆ ಕೇಂದ್ರವನ್ನು ಬಳಸುವುದಿಲ್ಲ, ಹಾಗಾಗಿ ಕೇಂದ್ರ ಹುಡುಕುವಾಗ ಆದ ತಪ್ಪನ್ನು ಹಿಡಿದುಕೊಡುತ್ತದೆ.

ಏಳನೆಯದನ್ನು ಬಿಡುವವರೇ ಹೆಚ್ಚು. ಅದಕ್ಕೆ ಬೇಕಾಗುವುದು ಅರ್ಧ ನಿಮಿಷ.

ಗಾಲಿ: ಜಾರದೆ, ಜಾರಿ, ಎರಡು ಪಟ್ಟಿಗಳ ನಡುವೆ

0.3 ಮೀಟರ್ ತ್ರಿಜ್ಯದ ಗಾಲಿ ಬಲಕ್ಕೆ ಉರುಳುತ್ತಿದೆ, ಅಚ್ಚಿನ ವೇಗ 6 ಮೀ/ಸೆ. ಜಾರದಿದ್ದರೆ ಕೇಂದ್ರ ನೆಲ ಮುಟ್ಟಿದ ಬಿಂದು. ಕೋನೀಯ ವೇಗ 6 ÷ 0.3 = 20 ರೇಡಿಯನ್/ಸೆ, ಪ್ರದಕ್ಷಿಣ. ನೆತ್ತಿಯ ಬಿಂದು ಕೇಂದ್ರದಿಂದ 0.6 ಮೀಟರ್ ದೂರ, ವೇಗ 12 ಮೀ/ಸೆ. ಅಚ್ಚಿನ ಮಟ್ಟದಲ್ಲಿ ಮುಂದಿನ ಅಂಚಿನ ಬಿಂದುವಿಗೆ ದೂರ 0.3 × 1.414 = 0.424 ಮೀಟರ್, ವೇಗ 8.49 ಮೀ/ಸೆ, ದಿಕ್ಕು ಬಲಕ್ಕೆ 45 ಡಿಗ್ರಿ ಕೆಳಮುಖ. ಹಿಂದಿನ ಅಂಚಿನದಕ್ಕೂ ಅಷ್ಟೇ ವೇಗ, ಆದರೆ 45 ಡಿಗ್ರಿ ಮೇಲ್ಮುಖ. ಉರುಳುವ ಚಕ್ರದ ಫೋಟೋದಲ್ಲಿ ಮೇಲಿನ ಕಡ್ಡಿಗಳು ಮಸುಕಾಗಿ, ನೆಲದ ಹತ್ತಿರದವು ಸ್ಪಷ್ಟವಾಗಿ ಕಾಣುವುದು ಇದರಿಂದಲೇ.

ಈಗ ಕೆಸರಿನಲ್ಲಿ ಗಾಲಿ ಗಿರಕಿ ಹೊಡೆಯುತ್ತಿದೆ ಎನ್ನಿ. ಅಚ್ಚಿನ ವೇಗ ಅದೇ 6, ಆದರೆ ಕೋನೀಯ ವೇಗ 30. ಕೇಂದ್ರ ಅಚ್ಚಿನಿಂದ 6 ÷ 30 = 0.2 ಮೀಟರ್ ಕೆಳಗೆ, ಅಂದರೆ ನೆಲದಿಂದ 0.1 ಮೀಟರ್ ಮೇಲೆ. ನೆಲ ಮುಟ್ಟಿದ ಬಿಂದು 30 × 0.1 = 3 ಮೀ/ಸೆ ಹಿಂದಕ್ಕೆ ಉಜ್ಜುತ್ತಿದೆ. ಬ್ರೇಕ್ ಒತ್ತಿ ಕೋನೀಯ ವೇಗ 10ಕ್ಕೆ ಇಳಿದಿದ್ದರೆ ಕೇಂದ್ರ ಅಚ್ಚಿನಿಂದ 0.6 ಮೀಟರ್ ಕೆಳಗೆ, ನೆಲದೊಳಗೆ 0.3 ಮೀಟರ್ ಆಳದಲ್ಲಿ. ಸಂಪರ್ಕ ಬಿಂದು 3 ಮೀ/ಸೆ ಮುಂದಕ್ಕೆ ಜಾರುತ್ತಿದೆ. ಗಾಲಿ ಪೂರ್ತಿ ಕಚ್ಚಿಕೊಂಡರೆ ಕೇಂದ್ರ ಅನಂತಕ್ಕೆ ಇಳಿಯುತ್ತದೆ. ಕೇಂದ್ರ ನೆಲಕ್ಕಿಂತ ಮೇಲಿದೆಯೋ ಕೆಳಗಿದೆಯೋ ನೋಡಿದರೆ ಸಾಕು, ಗಾಲಿ ಗಿರಕಿಯೋ ಜಾರಿಕೆಯೋ ಗೊತ್ತಾಗುತ್ತದೆ.

ಕೆಳಗಿನ ಮೇಲ್ಮೈ ಕೂಡ ಚಲಿಸುತ್ತಿದ್ದರೆ ಸಂಪರ್ಕ ಬಿಂದು ಕೇಂದ್ರವಲ್ಲ. 0.4 ಮೀಟರ್ ವ್ಯಾಸದ ಹಲ್ಲುಗಾಲಿ ಎರಡು ಹಲ್ಲುಪಟ್ಟಿಗಳ ನಡುವೆ ಸಿಕ್ಕಿದೆ. ಮೇಲಿನದು ಬಲಕ್ಕೆ 3 ಮೀ/ಸೆ, ಕೆಳಗಿನದು ಎಡಕ್ಕೆ 1 ಮೀ/ಸೆ. ಬಾಣಗಳ ತುದಿ ಸೇರಿಸಿದರೆ ಕೇಂದ್ರ ವ್ಯಾಸವನ್ನು 3:1ರಲ್ಲಿ ಕತ್ತರಿಸುತ್ತದೆ: ಮೇಲಿಂದ 0.3, ಕೆಳಗಿಂದ 0.1 ಮೀಟರ್. ಕೋನೀಯ ವೇಗ 3 ÷ 0.3 = 10 ರೇಡಿಯನ್/ಸೆ. ಅಚ್ಚು ಕೇಂದ್ರದಿಂದ 0.1 ಮೀಟರ್ ಮೇಲಿದೆ, ಆದ್ದರಿಂದ 1 ಮೀ/ಸೆ ಬಲಕ್ಕೆ. ಎರಡೂ ಪಟ್ಟಿ ಬಲಕ್ಕೇ ಹೋದರೆ ಕೇಂದ್ರ ಕೆಳಪಟ್ಟಿಯಿಂದ 0.2 ಮೀಟರ್ ಕೆಳಗೆ ಇಳಿಯುತ್ತದೆ, ಕೋನೀಯ ವೇಗ 5 ಆಗುತ್ತದೆ, ಅಚ್ಚಿನ ವೇಗ 0.4 × 5 = 2 ಮೀ/ಸೆ. ಗ್ರಹಗಾಲಿ ವ್ಯವಸ್ಥೆಯಲ್ಲಿ (ನಡುವಿನ ಹಲ್ಲುಗಾಲಿಯ ಸುತ್ತ ಚಿಕ್ಕ ಹಲ್ಲುಗಾಲಿಗಳು ಸುತ್ತುವ ಜೋಡಣೆ) ಒಂದೊಂದು ಗಾಲಿಯನ್ನೂ ಹೀಗೇ ಬಿಡಿಸಬಹುದು.

ಏಣಿ

5 ಮೀಟರ್ ಉದ್ದದ ಏಣಿ, ಬುಡ ಗೋಡೆಯಿಂದ 3 ಮೀಟರ್, ತುದಿ 4 ಮೀಟರ್ ಎತ್ತರದಲ್ಲಿ. ಬುಡ 2 ಮೀ/ಸೆ ಹೊರಕ್ಕೆ ಜಾರುತ್ತಿದೆ. ಬುಡದಿಂದ ನೆಲಕ್ಕೆ ಲಂಬ ಮೇಲಕ್ಕೆ, ತುದಿಯಿಂದ ಗೋಡೆಗೆ ಲಂಬ ಅಡ್ಡಕ್ಕೆ. ಎರಡೂ ಸೇರುವುದು ಗೋಡೆಯಿಂದ 3 ಮೀಟರ್, ನೆಲದಿಂದ 4 ಮೀಟರ್ ದೂರದ ಖಾಲಿ ಗಾಳಿಯಲ್ಲಿ. ಬುಡ ಕೇಂದ್ರದಿಂದ 4 ಮೀಟರ್, ಹಾಗಾಗಿ ಕೋನೀಯ ವೇಗ 0.5 ರೇಡಿಯನ್/ಸೆ. ತುದಿ 3 ಮೀಟರ್ ದೂರ, ವೇಗ 1.5 ಮೀ/ಸೆ ಕೆಳಕ್ಕೆ. ನಡುಬಿಂದು 2.5 ಮೀಟರ್ ದೂರ, ವೇಗ 1.25 ಮೀ/ಸೆ.

ತಾಳೆ: ಏಣಿಯ ಗೆರೆಗುಂಟ ಬುಡದ ಘಟಕ 2 × 0.6 = 1.2, ತುದಿಯದು 1.5 × 0.8 = 1.2. ಸಮ ಬಂತು.

ಈ 1.2 ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಕೇಂದ್ರದಿಂದ ಏಣಿಗೆ ಲಂಬ ಇಳಿಸಿದರೆ ಅದರ ಉದ್ದ 3 × 4 ÷ 5 = 2.4 ಮೀಟರ್. ಆ ಪಾದಬಿಂದುವಿನ ವೇಗ 0.5 × 2.4 = 1.2 ಮೀ/ಸೆ. ಇಡೀ ಏಣಿಯಲ್ಲಿ ಅತಿ ನಿಧಾನದ ಬಿಂದು ಅದೇ, ಅದರ ಚಲನೆ ಏಣಿಯ ಉದ್ದಕ್ಕೇ. ಉಳಿದೆಲ್ಲ ಬಿಂದುಗಳಲ್ಲೂ ಇದೇ 1.2 ಇರುತ್ತದೆ, ಜೊತೆಗೆ ಅಡ್ಡಡ್ಡ ಘಟಕವೊಂದು ಸೇರಿರುತ್ತದೆ.

ಏಣಿ ಇಳಿಯುತ್ತಿದ್ದಂತೆ ಕೇಂದ್ರವೂ ಸರಿಯುತ್ತದೆ. ಗೋಡೆ ಮತ್ತು ನೆಲ ಕೂಡುವ ಮೂಲೆಯಿಂದ ಅದು ಯಾವಾಗಲೂ 5 ಮೀಟರ್ ದೂರದಲ್ಲೇ ಇರುತ್ತದೆ, ಅಂದರೆ ಕಾಲು ವೃತ್ತ ಬರೆಯುತ್ತದೆ. ಏಣಿಯ ಮೇಲೆ ಕೂತು ನೋಡಿದರೆ ಅದೇ ಕೇಂದ್ರ ನಡುಬಿಂದುವಿನ ಸುತ್ತ 2.5 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸಾಗುತ್ತದೆ. ದೊಡ್ಡ ವೃತ್ತದೊಳಗೆ ಅದರರ್ಧ ತ್ರಿಜ್ಯದ ಚಿಕ್ಕ ವೃತ್ತ ಜಾರದೆ ಉರುಳುತ್ತಿದೆ ಎಂದರೂ ಏಣಿ ಜಾರುತ್ತಿದೆ ಎಂದರೂ ಒಂದೇ.

ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್

ಕ್ರ್ಯಾಂಕ್ ಅಂದರೆ ಶಾಫ್ಟಿನ ಜೊತೆ ಸುತ್ತುವ ತೋಳು, ಕನೆಕ್ಟಿಂಗ್ ರಾಡ್ ಅಂದರೆ ಅದನ್ನು ಪಿಸ್ಟನ್ನಿಗೆ ಸೇರಿಸುವ ಸರಳು. ಕ್ರ್ಯಾಂಕ್ ತ್ರಿಜ್ಯ 50 ಮಿಮೀ, ರಾಡ್ 200 ಮಿಮೀ, ನಿಮಿಷಕ್ಕೆ 1500 ಸುತ್ತು, ಅಪ್ರದಕ್ಷಿಣ. ಪಿಸ್ಟನ್ ಬಲಗಡೆ ಅಡ್ಡ ಗೆರೆಯಲ್ಲಿ ಸರಿಯುತ್ತದೆ. ಕ್ರ್ಯಾಂಕ್ ಆ ಗೆರೆಯೊಂದಿಗೆ 60 ಡಿಗ್ರಿಯಲ್ಲಿದ್ದಾಗ ಪಿಸ್ಟನ್ ವೇಗ ಎಷ್ಟು? ಕ್ರ್ಯಾಂಕ್‌ಶಾಫ್ಟ್ ಅಕ್ಷ ಓ, ಕ್ರ್ಯಾಂಕ್ ಪಿನ್ ಅ, ಪಿಸ್ಟನ್ ಪಿನ್ ಬ, ರಾಡಿನ ಕೇಂದ್ರ ಕ ಎಂದು ಕರೆಯೋಣ.

ಮೊದಲು ಮಾನಗಳ ಪರಿವರ್ತನೆ: 1500 × 2 × 3.1416 ÷ 60 = 157.08 ರೇಡಿಯನ್/ಸೆ. ಸುತ್ತಿನ ಸಂಖ್ಯೆಯನ್ನೇ ನೇರವಾಗಿ ತ್ರಿಜ್ಯದಿಂದ ಗುಣಿಸಿಬಿಡುವುದು ತೀರಾ ಸಾಮಾನ್ಯ ತಪ್ಪು. ಅ ಬಿಂದುವಿನ ವೇಗ 157.08 × 0.05 = 7.854 ಮೀ/ಸೆ.

ಸ್ಥಾನ: ಅ ಬಿಂದು ಓ ಬಿಂದುವಿನಿಂದ 25 ಮಿಮೀ ಬಲಕ್ಕೆ, 43.30 ಮಿಮೀ ಮೇಲೆ. ರಾಡಿನ ಅಡ್ಡ ಉದ್ದ 200ರ ವರ್ಗದಿಂದ 43.30ರ ವರ್ಗ ಕಳೆದು ವರ್ಗಮೂಲ ತೆಗೆದರೆ 195.26 ಮಿಮೀ. ಹಾಗಾಗಿ ಬ ಬಿಂದು ಓ ಬಿಂದುವಿನಿಂದ 220.26 ಮಿಮೀ ದೂರ.

ಲಂಬಗಳು: ಅ ಬಿಂದುವಿಗೆ ಓ-ಅ ಗೆರೆಯನ್ನೇ ಮುಂದಕ್ಕೆ ಎಳೆಯಿರಿ. ಬ ಬಿಂದುವಿಗೆ ನೆಟ್ಟಗೆ ಮೇಲಕ್ಕೆ. ಕೂಡುವ ಎತ್ತರ 220.26 × ಟ್ಯಾನ್ 60 = 381.5 ಮಿಮೀ. ಓ-ಕ ದೂರ 220.26 ÷ ಕಾಸ್ 60 = 440.5, ಅದರಲ್ಲಿ ಕ್ರ್ಯಾಂಕಿನ 50 ಕಳೆದರೆ ಅ-ಕ ದೂರ 390.5 ಮಿಮೀ. ಕಳೆಯುವುದನ್ನು ಮರೆಯಬೇಡಿ, ಕೇಂದ್ರದಿಂದ ಬೇಕಾದದ್ದು ಅ ಬಿಂದುವಿಗಿರುವ ದೂರ, ಓ ಬಿಂದುವಿಗಲ್ಲ.

ರಾಡಿನ ಕೋನೀಯ ವೇಗ 7.854 ÷ 0.3905 = 20.11 ರೇಡಿಯನ್/ಸೆ. ಪಿಸ್ಟನ್ ವೇಗ 20.11 × 0.3815 = 7.67 ಮೀ/ಸೆ. ರಾಡಿನ ನಡುಬಿಂದುವಿಗೆ ಕೇಂದ್ರದಿಂದ ದೂರ 372.9 ಮಿಮೀ, ವೇಗ 7.50 ಮೀ/ಸೆ.

ದಿಕ್ಕು: ಅ ಬಿಂದು ಎಡಕ್ಕೂ ಮೇಲಕ್ಕೂ ಹೋಗುತ್ತಿದೆ, ಕೇಂದ್ರ ಅದರ ಬಲ ಮೇಲೆ ಇದೆ. ಕೇಂದ್ರದಲ್ಲಿ ನಿಂತು ನೋಡಿದರೆ ಈ ಚಲನೆ ಪ್ರದಕ್ಷಿಣ. ಅಂದರೆ ಕ್ರ್ಯಾಂಕ್ ಅಪ್ರದಕ್ಷಿಣ, ರಾಡ್ ಪ್ರದಕ್ಷಿಣ. ಕೇಂದ್ರದ ಕೆಳಗಿರುವ ಬ ಬಿಂದು ಎಡಕ್ಕೆ, ಶಾಫ್ಟ್ ಕಡೆಗೆ ಬರುತ್ತಿದೆ. ತಾಳೆ: ರಾಡಿನ ಗೆರೆಗುಂಟ ಬ ಬಿಂದುವಿನ ಘಟಕ 7.67 × 0.976 = 7.49, ಅ ಬಿಂದುವಿನ ಘಟಕ 7.854 × 0.954 = 7.49.

ಇದೇ ಯಂತ್ರದ ವಿಶೇಷ ಸ್ಥಾನಗಳನ್ನು ಒಂದು ಸಲ ಕಣ್ಣಾಡಿಸಿ. ಕ್ರ್ಯಾಂಕ್ ಮತ್ತು ರಾಡ್ ಒಂದೇ ಗೆರೆಗೆ ಬಂದಾಗ ಕೇಂದ್ರ ಪಿಸ್ಟನ್ ಪಿನ್ನಿನ ಮೇಲೇ ಕೂರುತ್ತದೆ: ಪಿಸ್ಟನ್ ವೇಗ ಸೊನ್ನೆ, ರಾಡಿನ ಕೋನೀಯ ವೇಗ 7.854 ÷ 0.2 = 39.27, ಇದೇ ಗರಿಷ್ಠ. ಕ್ರ್ಯಾಂಕ್ 90 ಡಿಗ್ರಿಯಲ್ಲಿದ್ದಾಗ ಲಂಬಗಳು ಸಮಾಂತರ, ಕೇಂದ್ರ ಅನಂತದಲ್ಲಿ, ರಾಡ್ ತಿರುಗುವುದಿಲ್ಲ, ಪಿಸ್ಟನ್ ವೇಗ ಸರಿಯಾಗಿ 7.854. ಪಿಸ್ಟನ್‌ನ ಗರಿಷ್ಠ ವೇಗ ಅಲ್ಲಿಲ್ಲ. ಈ ಅಳತೆಗಳಿಗೆ ಅದು 76-77 ಡಿಗ್ರಿಯ ಆಸುಪಾಸಿನಲ್ಲಿ, ಸುಮಾರು 8.1 ಮೀ/ಸೆ.

90ರ ಹತ್ತಿರ ಚಿತ್ರದಿಂದ ಅಳೆಯುವವರು ಎಚ್ಚರದಿಂದಿರಬೇಕು. 85 ಡಿಗ್ರಿಯಲ್ಲಿ ಅ-ಕ ದೂರ 2.22 ಮೀಟರ್. ಕ್ರ್ಯಾಂಕಿನ ಗೆರೆಯನ್ನು ಮುಂದಕ್ಕೆ ಎಳೆಯುವಾಗ ಕೈ ಒಂದು ಡಿಗ್ರಿ ತಪ್ಪಿ 84 ಆಯಿತೆನ್ನಿ, ದೂರ 1.84 ಮೀಟರಿಗೆ ಇಳಿಯುತ್ತದೆ, ರಾಡಿನ ಕೋನೀಯ ವೇಗ 3.53ರ ಬದಲು 4.26 ಬರುತ್ತದೆ. ಶೇಕಡಾ 20ರಷ್ಟು ತಪ್ಪು. ಆದರೆ ಪಿಸ್ಟನ್ ವೇಗ 8.00ರಿಂದ 8.02ಕ್ಕೆ ಹೋಗುತ್ತದೆ ಅಷ್ಟೆ, ಏಕೆಂದರೆ ಅದಕ್ಕೆ ಬೇಕಾದದ್ದು ಎರಡು ದೂರಗಳ ಅನುಪಾತ, ಎರಡೂ ದೂರ ಒಟ್ಟಿಗೇ ಕುಗ್ಗುತ್ತವೆ. ಪಿಸ್ಟನ್ ವೇಗ ಸರಿ ಬಂತೆಂದು ರಾಡಿನ ಕೋನೀಯ ವೇಗವನ್ನೂ ನಂಬಿಬಿಡಬೇಡಿ. ಕ್ಯಾಡ್‌ನಲ್ಲಿ ಸ್ಕೆಚ್ ಹಾಕಿ ಲಂಬದ ನಿರ್ಬಂಧ ಕೊಟ್ಟರೆ ಈ ತೊಂದರೆ ಇಲ್ಲ. ಕೋನ ಬದಲಿಸಿದಂತೆ ಕೇಂದ್ರ ಓಡಾಡುವುದೂ ಕಾಣುತ್ತದೆ.

ನಾಲ್ಕು ಕೊಂಡಿ: ಮೂರು ಕೇಂದ್ರಗಳು ಒಂದೇ ಗೆರೆಯಲ್ಲಿ

ಇಲ್ಲಿಯವರೆಗೆ ಕೇಂದ್ರ ಅಂದದ್ದು ನಿಂತ ಚೌಕಟ್ಟಿಗೆ ಹೋಲಿಸಿ. ಯಂತ್ರದ ಒಂದೊಂದು ದೃಢ ಭಾಗವನ್ನೂ ಕೊಂಡಿ ಎನ್ನುತ್ತಾರೆ, ನಿಂತ ಚೌಕಟ್ಟೂ ಒಂದು ಕೊಂಡಿಯೇ. ಚಲಿಸುವ ಎರಡು ಕೊಂಡಿಗಳ ನಡುವೆಯೂ ಕೇಂದ್ರ ಇರುತ್ತದೆ: ಎರಡೂ ಕೊಂಡಿಗಳಿಗೆ ಸೇರಿದೆ ಎಂದುಕೊಂಡಾಗ ಒಂದೇ ವೇಗ ಇರುವ ಬಿಂದು. ಕೊಂಡಿಗಳ ಸಂಖ್ಯೆ ನಾಲ್ಕಾದರೆ ಜೋಡಿಗಳು 4 × 3 ÷ 2 = 6, ಆರಾದರೆ 15.

ಎಲ್ಲ ಕೇಂದ್ರಗಳನ್ನೂ ಹುಡುಕಲು ಕೀಲಿಕೈ ಅರೋನ್‌ಹೋಲ್ಡ್-ಕೆನಡಿ ಪ್ರಮೇಯ. ಜರ್ಮನಿಯ ಅರೋನ್‌ಹೋಲ್ಡ್ 1872ರಲ್ಲಿ, ಇಂಗ್ಲೆಂಡಿನ ಕೆನಡಿ 1886ರಲ್ಲಿ, ಇಬ್ಬರೂ ಬೇರೆ ಬೇರೆಯಾಗಿ ಕಂಡುಕೊಂಡದ್ದು: ಯಾವುದೇ ಮೂರು ಕೊಂಡಿಗಳ ಮೂರು ಸಾಪೇಕ್ಷ ಕೇಂದ್ರಗಳು ಒಂದೇ ಸರಳರೇಖೆಯಲ್ಲಿರುತ್ತವೆ. ಕಾರಣ ಸುಲಭ. ಚೌಕಟ್ಟನ್ನು 1 ಎಂದು ಕರೆಯೋಣ, 1-2 ಅಂದರೆ 1 ಮತ್ತು 2ನೇ ಕೊಂಡಿಗಳ ನಡುವಿನ ಕೇಂದ್ರ. 2 ಮತ್ತು 3ನೇ ಕೊಂಡಿಗಳ ಸಮಾನ ಬಿಂದು, 1-2 ಮತ್ತು 1-3 ಕೇಂದ್ರಗಳನ್ನು ಸೇರಿಸುವ ಗೆರೆಯಿಂದ ಹೊರಗಿದೆ ಎನ್ನಿ. 2ರ ಮೇಲಿದೆ ಎಂದರೆ ಅದರ ವೇಗ ಒಂದು ಗೆರೆಗೆ ಲಂಬ, 3ರ ಮೇಲಿದೆ ಎಂದರೆ ಬೇರೊಂದು ಗೆರೆಗೆ ಲಂಬ. ಒಂದೇ ಬಿಂದುವಿಗೆ ಎರಡು ದಿಕ್ಕು ಹೊಂದುವುದಿಲ್ಲ.

ಬಳಸುವ ಬಗೆ: ಒಂದು ವೃತ್ತದ ಮೇಲೆ 1, 2, 3, 4 ಎಂದು ಗುರುತು ಹಾಕಿ. ಗೊತ್ತಿರುವ ಕೇಂದ್ರಗಳಿಗೆ ಆ ಎರಡು ಅಂಕಿಗಳ ನಡುವೆ ಗಟ್ಟಿ ಗೆರೆ. ನಾಲ್ಕು ಪಿನ್‌ಗಳ ಯಂತ್ರದಲ್ಲಿ 1-2, 2-3, 3-4, 1-4 ಕೂಡಲೇ ಸಿಗುತ್ತವೆ, ಅವು ಪಿನ್‌ಗಳೇ. ಉಳಿದದ್ದು 1-3 ಮತ್ತು 2-4 ಕರ್ಣಗಳು. 1-3 ಕರ್ಣ ಎರಡು ತ್ರಿಭುಜಗಳ ಸಮಾನ ಬಾಹು: 1-2-3 ಮತ್ತು 1-3-4. ಆದ್ದರಿಂದ 1-2, 2-3 ಪಿನ್‌ಗಳ ಮೂಲಕ ಒಂದು ಗೆರೆ, 1-4, 3-4 ಪಿನ್‌ಗಳ ಮೂಲಕ ಇನ್ನೊಂದು, ಕೂಡುವಲ್ಲಿ 1-3. ಇದೇ ರೀತಿ 2-4. ಹೊಸ ಕೇಂದ್ರ ಸಿಕ್ಕ ಕೂಡಲೇ ಅದರ ಗೆರೆಯನ್ನು ಗಟ್ಟಿ ಮಾಡಿ. ಆರು ಕೊಂಡಿಗಳಿದ್ದಾಗ ಎರಡು ಪೂರ್ಣ ತ್ರಿಭುಜ ಮುಚ್ಚುವ ಗೆರೆಯನ್ನೇ ಮೊದಲು ಹುಡುಕಿ, ಇಲ್ಲದಿದ್ದರೆ ದಾರಿ ಸಿಗುವುದಿಲ್ಲ.

ಅಂಕಿಗಳಲ್ಲಿ ನೋಡಿ, ಎಲ್ಲ ಮಿಮೀ. ಕ್ರ್ಯಾಂಕಿನ ಸ್ಥಿರ ಪಿನ್ (0, 0), ಅದರ ತುದಿ (0, 100). ತೊನೆಯುವ ಕೊಂಡಿಯ ಸ್ಥಿರ ಪಿನ್ (300, 0), ಅದರ ತುದಿ (240, 180). ಎರಡು ತುದಿಗಳನ್ನು ಸೇರಿಸುವುದು ನಡುಕೊಂಡಿ. ಚೌಕಟ್ಟು 1, ಕ್ರ್ಯಾಂಕ್ 2, ನಡುಕೊಂಡಿ 3, ತೊನೆಯುವುದು 4. ಕ್ರ್ಯಾಂಕ್ 12 ರೇಡಿಯನ್/ಸೆ ಅಪ್ರದಕ್ಷಿಣ.

ನಡುಕೊಂಡಿಯ ಗೆರೆಯನ್ನು ಎಡಕ್ಕೆ ಎಳೆದರೆ ತಳದ ಗೆರೆಯನ್ನು (−300, 0)ದಲ್ಲಿ ಮುಟ್ಟುತ್ತದೆ. ಅದೇ 2-4. ಆ ಬಿಂದುವಿಗೆ ಎರಡೂ ಕೊಂಡಿಗಳಿಂದ ಒಂದೇ ವೇಗ: 12 × 300 = 4ರ ಕೋನೀಯ ವೇಗ × 600. ಉತ್ತರ 6 ರೇಡಿಯನ್/ಸೆ. 2-4 ಕೇಂದ್ರ ಎರಡು ಸ್ಥಿರ ಪಿನ್‌ಗಳ ಹೊರಗೆ ಬಿದ್ದರೆ ಎರಡೂ ಕೊಂಡಿ ಒಂದೇ ಕಡೆ ತಿರುಗುತ್ತವೆ, ನಡುವೆ ಬಿದ್ದರೆ ವಿರುದ್ಧ. ಇಲ್ಲಿ ಹೊರಗಿದೆ, ಹಾಗಾಗಿ ಅಪ್ರದಕ್ಷಿಣ. ನಡುಕೊಂಡಿಯ ಕೇಂದ್ರವನ್ನು ಮುಟ್ಟಲೇ ಇಲ್ಲ.

ತಾಳೆಗೆ ಅದನ್ನೂ ಹುಡುಕಿ. ಕ್ರ್ಯಾಂಕಿನ ಗೆರೆ ನೇರ ಮೇಲಕ್ಕೆ. ತೊನೆಯುವ ಕೊಂಡಿಯ ಗೆರೆ ಅದನ್ನು (0, 900)ದಲ್ಲಿ ಕೂಡುತ್ತದೆ. 1-3 ಅಲ್ಲಿದೆ. ಕ್ರ್ಯಾಂಕ್ ತುದಿಯ ವೇಗ 1.2 ಮೀ/ಸೆ, ದೂರ 800 ಮಿಮೀ, ನಡುಕೊಂಡಿಯ ಕೋನೀಯ ವೇಗ 1.5 ರೇಡಿಯನ್/ಸೆ ಪ್ರದಕ್ಷಿಣ. ಇನ್ನೊಂದು ತುದಿಗೆ ದೂರ 758.9 ಮಿಮೀ, ವೇಗ 1.138 ಮೀ/ಸೆ; ಅದನ್ನು ಕೊಂಡಿ 4ರ ಉದ್ದ 189.7 ಮಿಮೀಯಿಂದ ಭಾಗಿಸಿದರೆ ಮತ್ತೆ 6. ನಡುಕೊಂಡಿಗೆ ಬೆಸೆದ ತಗಡಿನ ಮೇಲೆ (120, 240)ರಲ್ಲಿ ಒಂದು ಬಿಂದು ಇದ್ದರೆ ಕೇಂದ್ರದಿಂದ ಅದರ ದೂರ 670.8 ಮಿಮೀ, ವೇಗ 1.006 ಮೀ/ಸೆ. ನಡುಕೊಂಡಿಯ ಮೇಲಿನ ಎಷ್ಟೇ ಬಿಂದುಗಳಿರಲಿ, ಪ್ರತಿಯೊಂದಕ್ಕೂ ಒಂದೊಂದೇ ಗುಣಾಕಾರ.

ಸರಿಯುವ ಜೋಡಿಗೆ ಪಿನ್ ಇಲ್ಲ. ಅದರ ಕೇಂದ್ರ ಹಳಿಗೆ ಲಂಬವಾಗಿ ಅನಂತದಲ್ಲಿ. ಪಿಸ್ಟನ್ ಯಂತ್ರಕ್ಕೆ ಮರಳಿದರೆ, ಕ್ರ್ಯಾಂಕ್ ಮತ್ತು ಪಿಸ್ಟನ್‌ನ 2-4 ಕೇಂದ್ರ ಓ ಬಿಂದುವಿನ ಮೂಲಕ ನಿಂತ ಲಂಬ ಗೆರೆಯ ಮೇಲಿರಬೇಕು. ರಾಡಿನ ಗೆರೆಯನ್ನು ಹಿಂದಕ್ಕೆ ಎಳೆದರೆ ಅದನ್ನು 48.85 ಮಿಮೀ ಎತ್ತರದಲ್ಲಿ ಕತ್ತರಿಸುತ್ತದೆ. ಪಿಸ್ಟನ್ ವೇಗ 157.08 × 0.04885 = 7.67 ಮೀ/ಸೆ. ಮೇಲೆ ಅಷ್ಟು ದೂರ ಸುತ್ತಿ ಬಂದ ಉತ್ತರ ಇಲ್ಲಿ ಒಂದೇ ಹೆಜ್ಜೆ, ಕೇಂದ್ರವೂ ಕಾಗದ ಬಿಟ್ಟು ಓಡುವುದಿಲ್ಲ. ಈ ಉದ್ದಕ್ಕೆ ಇನ್ನೊಂದು ಉಪಯೋಗ ಇದೆ: ಘರ್ಷಣೆ, ಜಡತ್ವ ಬಿಟ್ಟರೆ ಪಿಸ್ಟನ್ ಮೇಲಿನ ಬಲವನ್ನು ಇದರಿಂದ ಗುಣಿಸಿದಾಗ ಕ್ರ್ಯಾಂಕ್ ಟಾರ್ಕ್ ಸಿಗುತ್ತದೆ. 2000 ನ್ಯೂಟನ್‌ಗೆ 97.7 ನ್ಯೂಟನ್-ಮೀಟರ್.

ಕ್ಯಾಮ್‌ನಲ್ಲಿ (ತಿರುಗುತ್ತ ಇನ್ನೊಂದು ಭಾಗವನ್ನು ತಳ್ಳುವ ಉಬ್ಬುಗಾಲಿ) ಸಂಪರ್ಕ ಬಿಂದುವಿನಲ್ಲಿ ಎರಡೂ ಮೇಲ್ಮೈಗಳಿಗೆ ಸಮಾನವಾದ ಲಂಬದ ಮೇಲೆ ಕೇಂದ್ರ ಇರುತ್ತದೆ. ಹಲ್ಲುಗಾಲಿ ಜೋಡಿಯಲ್ಲಿ ಪಿಚ್ ಬಿಂದುವೇ (ಎರಡು ಗಾಲಿಗಳು ಒಂದರ ಮೇಲೊಂದು ಜಾರದೆ ಉರುಳಿದಂತೆ ಮುಟ್ಟುವ ಬಿಂದು) ಕೇಂದ್ರ. ಕಾರಿನ ಎರಡು ತೋಳಿನ ಸಸ್ಪೆನ್ಷನ್ ಬಿಡಿಸುವವರು ಮುಂದಿನಿಂದ ನೋಡಿದ ಚಿತ್ರದಲ್ಲಿ ಮೇಲಿನ, ಕೆಳಗಿನ ತೋಳುಗಳ ಗೆರೆಗಳನ್ನು ಮುಂದಕ್ಕೆ ಎಳೆದು ಗಾಲಿಯ ಕೇಂದ್ರ ಹುಡುಕುವುದೂ ಇದೇ ಪ್ರಮೇಯದಿಂದ.

ಎಲ್ಲಿ ಕೈ ಕೊಡುತ್ತದೆ

ವೇಗೋತ್ಕರ್ಷಕ್ಕೆ ಈ ಕೇಂದ್ರ ಬಳಸಿದರೆ ಉತ್ತರ ತಪ್ಪು. ಕೇಂದ್ರದ ವೇಗ ಸೊನ್ನೆ, ವೇಗೋತ್ಕರ್ಷ ಸೊನ್ನೆಯಲ್ಲ. ಮೇಲಿನ ಗಾಲಿ ಸಮವೇಗದಲ್ಲಿ ಉರುಳುತ್ತಿದ್ದರೂ ನೆಲ ಮುಟ್ಟಿದ ಬಿಂದುವಿಗೆ 36 ÷ 0.3 = 120 ಮೀ/ಸೆ² ವೇಗೋತ್ಕರ್ಷ ಇದೆ, ಅಚ್ಚಿನ ಕಡೆಗೆ. ವೇಗೋತ್ಕರ್ಷ ಬೇಕಾದರೆ ಇಲ್ಲಿಂದ ಕೋನೀಯ ವೇಗವನ್ನಷ್ಟೇ ತೆಗೆದುಕೊಂಡು ಸಾಪೇಕ್ಷ ಸಮೀಕರಣಕ್ಕೆ ಹೋಗಿ.

ಒಂದು ಕೊಂಡಿಯ ಕೇಂದ್ರವನ್ನು ಪಕ್ಕದ ಕೊಂಡಿಯ ಬಿಂದುವಿಗೆ ಹಚ್ಚುವುದು ಇನ್ನೊಂದು ಮಾಮೂಲಿ ತಪ್ಪು. ಎರಡು ಕೊಂಡಿಗಳಿಗೂ ಸೇರಿದ್ದು ಪಿನ್ ಮಾತ್ರ. ಒಂದರಿಂದ ಇನ್ನೊಂದಕ್ಕೆ ದಾಟಲು ಪಿನ್ನಿನ ವೇಗವೇ ಸೇತುವೆ.

ಲಂಬದ ಬದಲು ವೇಗದ ಗೆರೆಗಳನ್ನೇ ಮುಂದಕ್ಕೆ ಎಳೆದು ಸೇರಿಸುವವರೂ ಇದ್ದಾರೆ. ಏಣಿಯಲ್ಲಿ ಹೀಗೆ ಮಾಡಿದರೆ ಕೇಂದ್ರ ಗೋಡೆಯ ಮೂಲೆಗೆ ಬೀಳುತ್ತದೆ, ಬುಡದ ದೂರ 3, ತುದಿಯ ದೂರ 4, ತುದಿಯ ವೇಗ 2.67. ನೋಡಲು ಸಭ್ಯವಾದ ಅಂಕಿ, ಅನುಮಾನ ಬರುವುದಿಲ್ಲ. ಘಟಕ ತಾಳೆ ಮಾಡಿ: 2 × 0.6 = 1.2, ಆದರೆ 2.67 × 0.8 = 2.13. ಏಣಿ ಕುಗ್ಗುತ್ತಿದೆ ಎಂದಾಯಿತು.

ಒಂದು ಸ್ಥಾನಕ್ಕೆ ಬಂದ ಕೇಂದ್ರವನ್ನು ಮುಂದಿನ ಸ್ಥಾನಕ್ಕೂ ಬಳಸುವಂತಿಲ್ಲ. ಇಡೀ ಸುತ್ತಿನ ವೇಗದ ನಕ್ಷೆ ಬೇಕಿದ್ದರೆ ಪ್ರತಿ ಕೋನಕ್ಕೂ ಚಿತ್ರ ಹೊಸದು, ಅಥವಾ ದೂರಗಳ ಸೂತ್ರವನ್ನೇ ಕೋನದಲ್ಲಿ ಬರೆದು ಸ್ಪ್ರೆಡ್‌ಶೀಟಿಗೆ ಹಾಕಿ. ಅಲ್ಲಿ 90 ಡಿಗ್ರಿಯ ಸಾಲಿನಲ್ಲಿ ಭಾಜಕ ಸೊನ್ನೆಯಾಗುವುದರಿಂದ ಸೂತ್ರ ಕೈ ಕೊಡುತ್ತದೆ. 2-4 ಕೇಂದ್ರದ ಸೂತ್ರ ಹಾಕಿದರೆ ಆ ತೊಂದರೆ ಇರುವುದಿಲ್ಲ.

ಇನ್ನು ಮೂರು ಆಯಾಮದ ಚಲನೆ. ಅಲ್ಲಿ ವೇಗ ಸೊನ್ನೆಯಿರುವ ಬಿಂದು ಇರಲೇಬೇಕೆಂದಿಲ್ಲ. ತಿರುಪಿನ ಹಾಗೆ ಒಂದು ಅಕ್ಷದ ಸುತ್ತ ತಿರುಗುತ್ತ ಅದರುದ್ದಕ್ಕೂ ಸರಿಯುವುದೇ ಸಾಮಾನ್ಯ ಸ್ಥಿತಿ. ಒಂದು ಸ್ಥಿರ ಬಿಂದುವಿನ ಸುತ್ತ ತಿರುಗುವ ವಸ್ತುವಿಗೆ ಮಾತ್ರ ತತ್ಕ್ಷಣ ಅಕ್ಷವನ್ನು ಸುಲಭವಾಗಿ ಎಳೆಯಬಹುದು: ನಿಂತ ಶಂಕುವಿನ ಮೇಲೆ ಜಾರದೆ ಉರುಳುವ ಶಂಕುವಿಗೆ, ಎರಡೂ ಮುಟ್ಟುವ ಗೆರೆಯೇ ಅಕ್ಷ.